ಮಾಲೀಕರ ಹೇಳಿಕೆ

ಬೀಗ ತೆಗೆದ ಕೂಡಲೇ ಆ ಕಡೆ ನೋಡಬಾರದು ಎಂದುಕೊಂಡೇ ಬಂದಿದ್ದ ಹುಷಂಗ್, ಬೀಗ ತೆಗೆದ ಕೂಡಲೇ ಆ ಕಡೆಗೇ ನೋಡಿದ. ಅಂಗಳದ ಕಬ್ಬಿಣದ ಅಟ್ಟಣಿಗೆಯಿಂದ ತೊಳೆದ ರತ್ನಗಂಬಳಿಗಳು ಸಾಲಾಗಿ ಇಳಿಬಿದ್ದಿದ್ದವು. ಹೊಸವರ್ಷಕ್ಕೆ ಮೂರು ದಿನ ಇರುವಾಗ ಕೆರ್ಮಾನಿನಲ್ಲಿ ಯಾರ ಮನೆಯ ನೆಲವೂ ಮನೆಯಲ್ಲಿರುವುದಿಲ್ಲ, ತೊಳೆಯುವವನ ಅಂಗಳದಲ್ಲಿರುತ್ತದೆ. ಕೊನೆಯ ಸಾಲಿನ ಕೊನೆಯದು ತೂಬಾ ಖಾನುಮರದು. ಕೆನೆಬಣ್ಣದ ಮೈ, ದಾಳಿಂಬೆ ಕೆಂಪಿನ ಅಂಚು, ನಡುವೆ ತುದಿ ಬಾಗಿಸಿ ನಿಂತ ಒಂದು ಮರ. ಬೆಳಗಾಗುವುದರೊಳಗೆ ಕಲೆ ತಾನಾಗಿಯೇ ಹೋಗಿರಬಹುದು ಎಂಬ ಆಸೆ ಐವತ್ತಾರು ವರ್ಷದ ಗಂಡಸಿಗೆ ಇರಬಾರದು; ಇತ್ತು. ಹೋಗಿರಲಿಲ್ಲ. ಎಡಮೂಲೆಯ ಕೆಂಪು, ನೀರು ಕುಡಿದು ಕರಗಿ, ಕೆನೆಬಣ್ಣದೊಳಕ್ಕೆ ಎರಡು ಮೊಳ ನುಗ್ಗಿ, ಅಲ್ಲಿ ಗುಲಾಬಿಯಾಗಿ ಹರಡಿ, ಮರದ ಬುಡ ಮುಟ್ಟಿ ನಿಂತಿತ್ತು. ಬಿಸಿಲು ಏರಿದಂತೆ ಅದು ಇನ್ನಷ್ಟು ಚೆನ್ನಾಗಿ ಕಾಣುತ್ತದೆ ಎಂದು ಅವನಿಗೆ ಗೊತ್ತಿತ್ತು. ನಾಲ್ಕು ದಿನದಿಂದ ಅವನು ಅದನ್ನು ಎಲ್ಲ ಹೊತ್ತಿನ ಬಿಸಿಲಿನಲ್ಲೂ ನೋಡಿದ್ದ.

ಮಂಡಿಯವರೆಗಿನ ರಬ್ಬರ್ ಬೂಟು ಹಾಕಿಕೊಂಡು ಖೈರ್ ಮೊಹಮ್ಮದ್ ಅವನ ಹಿಂದೆಯೇ ಬಂದು ನೀರು ಬಿಟ್ಟ. ಹೆರಾತಿನಿಂದ ಬಂದ ಮನುಷ್ಯ. ಮೂವತ್ತು ವರ್ಷ ಇದೇ ಕೆಲಸ ಮಾಡಿದವನು. ತೊಳೆಯುವುದೆಲ್ಲ ಅವನೇ, ಯಜಮಾನಿಕೆ ಮಾತ್ರ ಅವನು 'ಆಗಾ' ಎಂದು ಕರೆಯುವ ಹುಷಂಗನದು. "ಆಗಾ, ಇವತ್ತು ಅದನ್ನ ಕೊಂಡುಹೋಗೋದಾ?" ಎಂದು ಕೇಳಿದ. ಹೂಂ ಎಂದ ಹುಷಂಗ್. "ವಿನೆಗರ್ ಹಾಕಿ ಇನ್ನೊಂದು ಸಲ ನೋಡೋಣ್ವಾ?" "ನಾಲ್ಕು ಸಲ ನೋಡಿದ್ದಾಯ್ತಲ್ಲ." ಖೈರ್ ಮೊಹಮ್ಮದ್ ಪೊರಕೆ ಹಿಡಿದ. ಇವನು ಇನ್ನೂ ಏನಾದರೂ ಕೇಳಬಾರದೇ, ಬೈಯಬಾರದೇ ಎನ್ನಿಸಿತು ಹುಷಂಗನಿಗೆ. ಅವತ್ತು, ಕಂಬಳಿಯನ್ನು ನೀರಿಗಿಳಿಸುವ ಮುಂಚೆ, ಖೈರ್ ಮೊಹಮ್ಮದ್ ಕೇಳಿದ್ದು ಒಂದೇ ಮಾತು: "ಬಿಳಿಬಟ್ಟೆ ಆಗಿದೆಯಾ ಆಗಾ?" ಆಗಿದೆ ಎಂದಿದ್ದ. ರಸೀದಿಯಲ್ಲೂ ಹಾಗೆಯೇ ಗುರುತು ಹಾಕಿದ್ದ. ರಸೀದಿ ಓದಲು ಬಾರದ ಖೈರ್ ಮೊಹಮ್ಮದ್ ಯಜಮಾನನ ಮುಖ ಓದಿ ನೀರು ಬಿಟ್ಟಿದ್ದ.

ಬಿಳಿಬಟ್ಟೆ ಅಂದರೆ ದೊಡ್ಡ ವಿದ್ಯೆಯಲ್ಲ. ಕಂಬಳಿ ಎತ್ತಿಕೊಂಡು ಬರುವಾಗ, ಮನೆಯವರ ಎದುರಿಗೇ, ಒದ್ದೆ ಮಾಡಿದ ಬಿಳಿ ಅರಿವೆಯಿಂದ ಒಂದೊಂದು ಬಣ್ಣವನ್ನೂ ಉಜ್ಜಿ ನೋಡುವುದು. ಬಣ್ಣ ಬಟ್ಟೆಗೆ ಬಂದರೆ ನೀರಿಗೂ ಬರುತ್ತದೆ. ತೂಬಾ ಖಾನುಮರ ಕಂಬಳಿಯ ಎಡಮೂಲೆಯನ್ನು ಯಾರೋ ಎಂದೋ ಹೊಸ ಉಣ್ಣೆ ಹಾಕಿ ದುರಸ್ತಿ ಮಾಡಿದ್ದರು. ಅಗ್ಗದ ಬಣ್ಣ, ಒಮ್ಮೆ ಉಜ್ಜಿದ್ದರೂ ಬಟ್ಟೆ ಕೆಂಪಾಗುತ್ತಿತ್ತು. ಆದರೆ ಕಂಬಳಿ ಎತ್ತಿದ ದಿನ ಆ ಮನೆಯಲ್ಲಿ ಬಟ್ಟೆ ಅವನ ಕೋಟಿನ ಜೇಬಿನಲ್ಲೇ ಉಳಿಯಿತು. ಅವರು ಚಹಾ ತಂದಿಟ್ಟಿದ್ದರು, ಖರ್ಜೂರದ ಬಿಸ್ಕತ್ತು ತಂದಿಟ್ಟಿದ್ದರು, ತೀರಿಕೊಂಡ ತಮ್ಮ ಗಂಡ, ಹುಷಂಗನಿಗೆ ಶಾಲೆಯಲ್ಲಿ ಕಲಿಸಿದ ಮೇಷ್ಟ್ರು, ಕೂರುತ್ತಿದ್ದ ದಿಂಬಿಗೆ ಒರಗಿ ಕೂರಿ ಎಂದಿದ್ದರು. ಚಹಾ ಕುಡಿದ ಬಾಯಿ ಒರೆಸಿಕೊಂಡು, ನಿಮ್ಮ ಕಂಬಳಿ ಬಣ್ಣ ಬಿಡುತ್ತದೋ ಏನೋ, ನಿಮ್ಮ ಕಣ್ಣೆದುರೇ ಪರೀಕ್ಷೆ ಮಾಡುತ್ತೇನೆ, ಆಮೇಲೆ ನನ್ನ ಮೇಲೆ ಹೇಳಬೇಡಿ, ಎಂದು ಮೇಷ್ಟ್ರ ಹೆಂಡತಿಯ ಎದುರು ಮೊಣಕಾಲೂರಿ ಉಜ್ಜುವುದು ಹೇಗೆ? ದಾನ ಕೊಟ್ಟ ಹಸುವಿನ ಹಲ್ಲು ಎಣಿಸಿದ ಹಾಗೆ. ಅದಾದ ಮೇಲೆ ರಸೀದಿಯಲ್ಲಿ ಬೆಲೆಯ ಅಂಕಣ ಬಂತು. "ಖಾನುಂ, ಇದರ ಬೆಲೆ ಎಷ್ಟಾಗಬಹುದು, ಸುಮ್ಮನೆ ಬರೆಯೋಕೆ" ಎಂದು ನೆಲ ನೋಡುತ್ತ ಕೇಳಿದ್ದ. "ಅಯ್ಯೋ, ಇದಕ್ಕೆಂಥ ಬೆಲೆ ಹುಷಂಗ್ ಜಾನ್. ಹಳೇ ಚಿಂದಿ. ನಿಮ್ಮ ಕೈಗೆ ಕೊಡೋಕೇ ನಾಚಿಕೆ ಆಗುತ್ತೆ." ಇದು ಉಪಚಾರದ ಮಾತು, ಇನ್ನೂ ಎರಡು ಸಲ ಕೇಳಿದರೆ ಮೂರನೇ ಸಲ ಹೇಳುತ್ತಾರೆ, ಊರಲ್ಲಿ ಎಲ್ಲರೂ ಹಾಗೆಯೇ. ಅವನು ಎರಡನೇ ಸಲ ಕೇಳಲಿಲ್ಲ. ಅಂಕಣ ಖಾಲಿ ಬಿಟ್ಟ. ಅವರು ಓದದೆಯೇ ಸಹಿ ಹಾಕಿದರು, ಓದುವುದೂ ಒಂದು ಅನುಮಾನವೇ ಎನ್ನುವ ಹಾಗೆ.

ನಗು ಬರುವ ವಿಷಯವೆಂದರೆ, ಆ ರಸೀದಿಯನ್ನು ಅಚ್ಚುಹಾಕಿಸಿದವನು ಹುಷಂಗನೇ. ಇಪ್ಪತ್ತೆರಡು ವರ್ಷ ವಿಮಾ ಕಂಪನಿಯ ಶಾಖೆಯೊಂದರಲ್ಲಿ ಪರಿಹಾರದ ಮೇಜಿನ ಹಿಂದೆ ಕೂತಿದ್ದವನು. ಎರಡು ಶಾಖೆ ಸೇರಿ ಒಂದಾದಾಗ ಇವನ ಕುರ್ಚಿ ಹೆಚ್ಚಾಯಿತು, ಅವಧಿಗೆ ಮುಂಚೆ ಮನೆಗೆ ಕಳಿಸಿದರು. ಜೂಪಾರ್ ರಸ್ತೆಯಲ್ಲಿ ಪಿಸ್ತಾ ಸುಲಿಯುತ್ತಿದ್ದ ಹಳೇ ಅಂಗಳ ಹಿಡಿದು, ಕಂಬಳಿ ತೊಳೆಯುವ ಕೆಲಸ ಹಾಕುತ್ತೇನೆ ಎಂದಾಗ ಹೆಂಡತಿ ಫಹೀಮೆ, "ನೀವು ನಿಮ್ಮ ಕಾಲುಚೀಲಾನೇ ತೊಳೆದವರಲ್ಲ" ಎಂದಿದ್ದಳು. ಒಂದು ಕಂಬಳಿಯೂ ಬರುವ ಮೊದಲೇ ಅವನು ಬೆಂಕಿಗೆ, ಕಳವಿಗೆ, ಕೆಲಸಗಾರ ಜಾರಿ ಬಿದ್ದರೆ ಅದಕ್ಕೆ, ದಾರಿಹೋಕನ ಮೇಲೆ ಅಟ್ಟಣಿಗೆ ಕುಸಿದರೆ ಅದಕ್ಕೆ, ಗಿರಾಕಿಯ ಕಂಬಳಿ ಕೆಟ್ಟರೆ ಅದಕ್ಕೆ, ಎಲ್ಲಕ್ಕೂ ವಿಮೆ ಮಾಡಿಸಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಫಹೀಮೆ ನೆರೆಯವರಿಗೆಲ್ಲ ಹೇಳಿ ನಗಿಸಿದಳು. ಅವನಿಗೆ ಮಾತ್ರ ಆ ಪಾಲಿಸಿಯ ಕಾಗದಗಳನ್ನು ಹರಡಿಕೊಂಡು ಕೂತ ಸಂಜೆ ಜೀವಮಾನದಲ್ಲೇ ಸುಖದ ಸಂಜೆಯಾಗಿತ್ತು. ಏನೇ ಆಗಲಿ, ಅದಕ್ಕೊಂದು ಅಂಕಣ ಇದೆ. ಅಂಕಣ ಖಾಲಿ ಬಿಟ್ಟವರ ಗತಿ ಏನೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಒಬ್ಬ ಬ್ರೆಡ್ಡಿನವನ ವಿಧವೆ ಬರುತ್ತಿದ್ದಳು, ಒಲೆಯ ಜೊತೆ ಅಂಗಡಿಯೂ ಸುಟ್ಟುಹೋಗಿತ್ತು. ಅರ್ಜಿಯಲ್ಲಿ ಒಲೆಯ ಬೆಲೆ ಬರೆದಿರಲಿಲ್ಲ. 'ಅಪೂರ್ಣ' ಎಂಬ ಮೊಹರು ಒತ್ತಿ ಅವನು ಕಾಗದವನ್ನು ಅವಳ ಕಡೆ ತಿರುಗಿಸಿ, ಎರಡೂ ಕೈಯಿಂದ, ಬಹಳ ಮರ್ಯಾದೆಯಿಂದ ಕೊಟ್ಟಿದ್ದ. ಅವಳೂ ಥ್ಯಾಂಕ್ಸ್ ಹೇಳಿ ಹೋಗಿದ್ದಳು. ಅವಳ ಮುಖ ಇಷ್ಟು ವರ್ಷ ನೆನಪಿರಲಿಲ್ಲ. ನಾಲ್ಕು ದಿನದಿಂದ ಚಹಾದ ಲೋಟ ಎತ್ತಿದರೆ ಸಾಕು, ಎದುರಿಗೆ ಬಂದು ಕೂರುತ್ತಿದ್ದಳು.

ಫೋನು ಬಂತು. ಕಾಂಬಿಜ್, ಹಿಂದೆ ಅವನ ಕೈಕೆಳಗೆ ಮೊಹರು ಒತ್ತಲು ಕಲಿತವನು, ಈಗ ಅದೇ ಮೇಜಿನ ಹಿಂದೆ ಕೂತವನು. ಮೂರು ದಿನದ ಹಿಂದೆ ಅಂಗಳಕ್ಕೆ ಬಂದು ಕಲೆಯ ಫೋಟೋ ತೆಗೆದುಕೊಂಡು ಹೋಗಿದ್ದ. ಷೂ ಒದ್ದೆಯಾಗದಂತೆ ತುದಿಗಾಲಲ್ಲಿ ನಡೆದಿದ್ದ.

"ಆಗಾ ಹುಷಂಗ್, ನಿಮಗೆ ನಾನು ಹೇಳೋದಾ? ನೀವೇ ನಮಗೆ ಕಲಿಸಿದೋರು. ಬೆಲೆ ಖಾಲಿ ಇದ್ರೆ ಯಂತ್ರದಲ್ಲಿ ನೇಯ್ದ ಕಂಬಳಿ ದರ ಹಾಕಬೇಕಾಗುತ್ತೆ. ಅದು ಬಂದ್ರೂ ಒಂದೇ, ಬರದಿದ್ರೂ ಒಂದೇ."

"ಮಾಲೀಕರ ಹೇಳಿಕೆ ತಂದುಕೊಟ್ಟರೆ?"

"ತಂದ್ರೆ ಆಯ್ತು. ಅವರ ಕೈಬರಹದಲ್ಲೇ ಬೆಲೆ, ಕೆಳಗೆ ಸಹಿ. ತಾರೀಕು ಕಂಬಳಿ ಎತ್ತಿದ ದಿನದ್ದೇ ಇರಲಿ, ನಾನೇನೂ ಮಸಿ ಒಣಗಿದೆಯಾ ಅಂತ ಮುಟ್ಟಿ ನೋಡಲ್ಲ. ಆದರೆ ಮಧ್ಯಾಹ್ನ ಎರಡು ಗಂಟೆ ಒಳಗೆ. ಇವತ್ತು ಬಿಟ್ರೆ ರಜ, ಆಮೇಲೆ ಐದು ದಿನದ ಗಡುವು ಮುಗಿಯುತ್ತೆ."

"ತರ್ತೀನಿ."

"ಇನ್ನೊಂದು. ನಾನು ಅವರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳ್ತೀನಿ. ಬಿಳಿಬಟ್ಟೆ ಪರೀಕ್ಷೆ ನಿಮ್ಮೆದುರು ಆಯ್ತಾ ಅಂತ. ಹೌದು ಅಂದ್ರೆ ಸಾಕು." ಸ್ವಲ್ಪ ತಡೆದು, "ಆಗಿದೆ ತಾನೆ ಆಗಾ?" ಎಂದ.

"ಆಗಿದೆ" ಎಂದ ಹುಷಂಗ್. ಎರಡನೇ ಸಲ ಹೇಳುವಾಗ ಸುಳ್ಳು ಸಲೀಸಾಗಿ ಬಂತು.

ಇದೆಲ್ಲ ಬರೀ ಅವನ ಅಂಗಡಿಯ ಮಾತಾಗಿದ್ದರೆ ಹೇಗೋ ನುಂಗಬಹುದಿತ್ತು. ಆದರೆ ನಿನ್ನೆ ಫಹೀಮೆ ಬ್ರೆಡ್ಡಿನ ಸಾಲಿನಲ್ಲಿ ನಿಂತು ಸುದ್ದಿ ತಂದಿದ್ದಳು. ತೂಬಾ ಖಾನುಂ ಆ ಕಂಬಳಿ ತೊಳೆಯಲು ಕೊಟ್ಟದ್ದು ಹಬ್ಬಕ್ಕಲ್ಲ, ಮಾರುವುದಕ್ಕೆ. ಮಹಡಿಯ ಮೇಲಿರುವ ಮನೆ ಯಜಮಾನ ಮುಂಗಡವನ್ನು ಎರಡರಷ್ಟು ಮಾಡಿದ್ದಾನೆ. ಹಬ್ಬ ಕಳೆದು ಒಂದು ತಿಂಗಳೊಳಗೆ ಕೊಡಬೇಕು, ಇಲ್ಲವೆ ಮನೆ ಬಿಡಬೇಕು. ಬಜಾರಿನ ಒಬ್ಬ ವ್ಯಾಪಾರಿ ಬಂದು ನೋಡಿ ಇನ್ನೂರೈವತ್ತು ಮಿಲಿಯನ್ ತೊಮಾನಿಗೆ ಮಾತಾಗಿತ್ತು, ತೊಳೆಸಿ ಇಡಿ ಎಂದಷ್ಟೇ ಹೇಳಿ ಹೋಗಿದ್ದ. ಮಕ್ಕಳಿಲ್ಲ, ಮೇಷ್ಟ್ರು ಹೋಗಿ ಆರು ವರ್ಷವಾಯಿತು. "ಎಪ್ಪತ್ತೆಂಟು ವರ್ಷದ ಮುದುಕಿ ಎಲ್ಲಿಗೆ ಹೋಗ್ತಾರೆ ಹೇಳಿ" ಎಂದಿದ್ದಳು ಫಹೀಮೆ. "ನೀವು ಹೋಗಿ ಕೂತ್ಕೊಂಡು ಬೆಲ್ಲದ ಮಾತಾಡ್ಬೇಡಿ. ನೇರವಾಗಿ ಹೇಳಿ. ವಿಮೆ ಇದೆ, ಬೆಲೆ ಬರೀರಿ, ಫೋನ್ ಬಂದ್ರೆ ಹೌದು ಅನ್ನಿ. ಮೂರು ಮಾತು. ಮೂರು ಮಾತಾಡೋಕೆ ನಿಮಗೆ ಬಾಯಿಲ್ವಾ?" ಬಾಯಿ ಇತ್ತು. ಇವತ್ತು ಬೆಳಿಗ್ಗೆ ಗಡ್ಡ ಬೋಳಿಸಿಕೊಳ್ಳುತ್ತ ಕನ್ನಡಿಯ ಎದುರು ಆ ಮೂರು ಮಾತನ್ನೂ ಎರಡು ಸಲ ಆಡಿ ನೋಡಿದ್ದ.

ವ್ಯಾನಿನ ಹಿಂದೆ ಕಂಬಳಿಯ ಸುರುಳಿ, ಪಕ್ಕದಲ್ಲಿ ಖೈರ್ ಮೊಹಮ್ಮದ್. ಚೌಕದಲ್ಲಿ ತೊಟ್ಟಿಗಳಲ್ಲಿ ಹಬ್ಬಕ್ಕಿಡುವ ಕೆಂಪು ಮೀನು ಮಾರುತ್ತಿದ್ದರು, ಜನ ಮೊಳಕೆ ಗೋಧಿಯ ತಟ್ಟೆಗಳನ್ನು ಎದೆಗೊತ್ತಿಕೊಂಡು ರಸ್ತೆ ದಾಟುತ್ತಿದ್ದರು, ಎಲ್ಲರಿಗೂ ಏನೋ ಅವಸರದ ಸಂತೋಷ. ತಾನು ಹನ್ನೆರಡು ವರ್ಷದವನಾಗಿದ್ದಾಗ ರೇಖಾಗಣಿತದ ಪರೀಕ್ಷೆಯಲ್ಲಿ ಪಕ್ಕದವನ ಕಾಗದ ನೋಡಿ ತ್ರಿಕೋನ ಬರೆಯುತ್ತಿದ್ದಾಗ ಮೇಷ್ಟ್ರು ಹಿಂದೆ ಬಂದು ನಿಂತದ್ದು ಹುಷಂಗನಿಗೆ ನೆನಪಾಯಿತು. ಬೆನ್ನಿಗೆ ಅವರ ಉಸಿರು ತಾಗುತ್ತಿತ್ತು. ಕಿವಿ ಹಿಂಡುತ್ತಾರೆ ಎಂದು ಕತ್ತು ಕುಗ್ಗಿಸಿದ. ಅವರು ಬಗ್ಗಿ, ಇಡೀ ತರಗತಿಗೆ ಕೇಳುವ ಹಾಗೆ, "ಹುಷಂಗ್, ನಿನ್ನ ಪೆನ್ನಲ್ಲಿ ಮಸಿ ಮುಗಿದಿದೆ ಅನ್ಸುತ್ತೆ, ಅದಕ್ಕೇ ಬರೆಯೋಕಾಗ್ತಿಲ್ಲ. ತಗೋ ನನ್ನದು" ಎಂದು ತಮ್ಮ ಪೆನ್ನನ್ನು ಮೇಜಿನ ಮೇಲಿಟ್ಟು ಮುಂದೆ ಹೋದರು. ಎರಡೇಟು ಹೊಡೆದಿದ್ದರೆ ಸಂಜೆಗೆ ಮರೆಯುತ್ತಿತ್ತು. ಆ ಪೆನ್ನು ಹಿಡಿದು ಅವನು ಉಳಿದ ಹೊತ್ತೆಲ್ಲ ಖಾಲಿ ಕಾಗದ ನೋಡುತ್ತ ಕೂತಿದ್ದ, ಅಂದಿನಿಂದ ಒಳ್ಳೆಯವರನ್ನು ಕಂಡರೆ ಅವನಿಗೆ ಒಳಗೊಳಗೇ ಸಿಟ್ಟು. ಸಿಟ್ಟು ಬಂದದ್ದಕ್ಕೆ ನಾಚಿಕೆ. "ಎಡಕ್ಕೆ ಆಗಾ" ಎಂದ ಖೈರ್ ಮೊಹಮ್ಮದ್. ಅವನು ಬಲಕ್ಕೆ ತಿರುಗಿಸಿಯಾಗಿತ್ತು; ಹಿಂದೆ ಮುಂದೆ ಮಾಡಿ, ಹಿಂದಿನವರಿಂದ ಹಾರ್ನು ಹೊಡೆಸಿಕೊಂಡು, ಎಡಕ್ಕೆ ಬಂದರು.

"ಬನ್ನಿ, ಬನ್ನಿ, ನಿಮ್ಮ ಹೆಜ್ಜೆ ನಮ್ಮ ಕಣ್ಣ ಮೇಲೆ" ಎಂದು ತೂಬಾ ಖಾನುಂ ಬಾಗಿಲಲ್ಲೇ ನಿಂತಿದ್ದರು. ಕೋಣೆಯ ಬರಿ ಸಿಮೆಂಟು ನೆಲದ ಮೇಲೆ ಹಾಸುಬಟ್ಟೆಯೊಂದನ್ನು ಮಡಿಸಿ ಹಾಕಿದ್ದರು, ಅದರ ಮೇಲೆ ಅವರ ಕನ್ನಡಕ, ರೇಡಿಯೋ. ಹತ್ತು ದಿನದಿಂದ ಅಷ್ಟರಲ್ಲೇ ಕೂತಿದ್ದಾರೆ ಎಂದು ಅವನಿಗೆ ಥಟ್ಟನೆ ಹೊಳೆಯಿತು. ಅವನೂ ಖೈರ್ ಮೊಹಮ್ಮದನೂ ಸೇರಿ ಸುರುಳಿ ಬಿಚ್ಚಿದರು. ಬಿಚ್ಚುವಾಗ ಕಲೆಯ ಮೂಲೆ ಕಿಟಕಿಯಿಂದ ದೂರದ ಕಡೆಗೆ ಬರುವಂತೆ ತಿರುಗಿಸಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದ. ಅವಸರದಲ್ಲಿ ಸರಿಯಾಗಿ ಬಿಸಿಲಿಗೇ ಬಂತು. ಖೈರ್ ಮೊಹಮ್ಮದ್ ತಲೆ ತಗ್ಗಿಸಿ ಸಲಾಂ ಹೇಳಿ ವ್ಯಾನಿಗೆ ಹೋದ. ಬಣ್ಣ ಸ್ವಲ್ಪ ಸರಿದಿದೆ ಎಂದು ಫೋನಿನಲ್ಲಿ ಹೇಳಿದ್ದ ಹುಷಂಗ್ ಆ 'ಸ್ವಲ್ಪ'ದ ಪಕ್ಕದಲ್ಲಿ ನಿಂತ. ತೂಬಾ ಖಾನುಂ ಮೊಣಕಾಲೂರಿ ಕೂತು ಅಂಗೈಯಿಂದ ಕಂಬಳಿಯನ್ನು ಸವರುತ್ತ ಬಂದರು. ಕೈ ಕೆನೆಬಣ್ಣ ದಾಟಿ ಗುಲಾಬಿಯ ಮೇಲೆ ಬಂತು, ಅಲ್ಲಿ ನಿಲ್ಲಲೂ ಇಲ್ಲ, ಅಲ್ಲಿಂದ ಬೇಗ ಸರಿಯಲೂ ಇಲ್ಲ, ಅದೇ ನಿಧಾನದಲ್ಲಿ ಅಂಚಿನವರೆಗೆ ಹೋಯಿತು.

"ಎಷ್ಟು ಮೆತ್ತಗಾಗಿದೆ. ಎಷ್ಟು ವರ್ಷದ ಧೂಳು, ಎಲ್ಲ ಹೋಯ್ತು. ನಿಮ್ಮ ಕೈ ನೋಯದಿರಲಿ ಹುಷಂಗ್ ಜಾನ್."

"ಖಾನುಂ, ನನ್ನ ಮುಖ ಕಪ್ಪಾಗಿದೆ. ಏನು ಹೇಳಬೇಕೋ..."

"ಏನೂ ಹೇಳಬೇಡಿ. ಯಾರಿಗೂ ಏನೂ ಆಗಿಲ್ಲವಲ್ಲ. ಕೂತ್ಕೊಳ್ಳಿ, ಚಹಾ ಆಗಿದೆ." ಎದ್ದು ಹೋಗಿ ಚಹಾದ ಪುಟ್ಟ ಮೇಜನ್ನು ಎತ್ತಿಕೊಂಡು ಬಂದರು. ಎಲ್ಲಿಡಲಿ ಎಂದು ಒಂದು ಗಳಿಗೆ ನೋಡಿ, ಕಲೆಯ ಮೇಲೆ ಇಟ್ಟರು. ಮೇಜು ಚಿಕ್ಕದು, ಕಲೆ ನಾಲ್ಕೂ ಕಡೆ ಕಾಣುತ್ತಿತ್ತು. ಅವರು ಅದರ ಒಂದು ಪಕ್ಕಕ್ಕೆ ಕೂತು ಸೀರಾದ ಬಟ್ಟಲನ್ನು ಅವನ ಕಡೆ ತಳ್ಳಿದರು. ಮಹಡಿಯ ಮೇಲೆ ಮನೆ ಯಜಮಾನನ ಹೆಜ್ಜೆ ಅತ್ತಿಂದಿತ್ತ ಓಡಾಡುತ್ತಿತ್ತು.

ಹುಷಂಗ್ ಕೋಟಿನ ಒಳಜೇಬಿನಿಂದ ಕಾಗದ ತೆಗೆದ. ಮೂರು ಮಾತು ಎಂದು ತನಗೆ ತಾನೇ ಹೇಳಿಕೊಂಡ. "ಖಾನುಂ, ಇದೊಂದು ಕಾಗದ. ಈ ಕಂಬಳೀದು ಬೆಲೆ ನೀವು ನಿಮ್ಮ ಕೈಯಾರೆ ಬರೀಬೇಕು."

"ಮತ್ತೆ ಅದೇ ಮಾತಾ? ಈ ಚಿಂದಿಗೆ ಬೆಲೆ ಬರೆದರೆ ಓದಿದೋರು ನಗ್ತಾರೆ."

"ನಗಲ್ಲ. ನೀವು ಬರೆದಷ್ಟು ನಿಮಗೆ ಬರುತ್ತೆ. ನನ್ನ ಜೇಬಿಂದಲ್ಲ, ವಿಮೆ ಕಂಪನಿ ಕೊಡುತ್ತೆ. ಇದಕ್ಕೆ ಅಂತಲೇ ನಾನು ಕಟ್ಟಿರೋದು."

ತೂಬಾ ಖಾನುಂ ಅವನನ್ನು ಬಹಳ ಪ್ರೀತಿಯಿಂದ ನೋಡಿದರು. "ನೀವು ಹೀಗೆ ಹೇಳ್ತೀರಿ ಅಂತ ನನಗೆ ಗೊತ್ತಿತ್ತು. ಮೇಷ್ಟ್ರೂ ಥೇಟ್ ಹೀಗೇ. ಒಂದು ವರ್ಷ ಯಾರದೋ ಮನೆಯ ಮೂರು ಮಕ್ಕಳ ಪುಸ್ತಕಕ್ಕೆಲ್ಲ ತಾವೇ ದುಡ್ಡು ಕೊಟ್ಟು, ಸರ್ಕಾರದಿಂದ ಬಂತು ಅಂತ ಹೇಳಿ ಕಳಿಸಿದ್ರು. ನನಗೂ ಹಾಗೇ ಹೇಳಿದ್ರು. ನಾನು ನಂಬಿದ ಹಾಗೆ ಮಾಡಿದೆ."

"ಅಲ್ಲ ಖಾನುಂ, ನಿಮ್ಮ ಪ್ರಾಣದಾಣೆ, ಇದು ನಿಜವಾಗ್ಲೂ ಕಂಪನೀದು. ಉಪಚಾರಕ್ಕೆ ಹೇಳ್ತಿಲ್ಲ."

"ಉಪಚಾರ ಅಲ್ಲ ಅನ್ನದೆ ಯಾರು ತಾನೇ ಉಪಚಾರ ಮಾಡ್ತಾರೆ" ಎಂದು ಅವರು ನಕ್ಕರು. "ಹೊಸದಾಗಿ ಅಂಗಡಿ ಹಾಕಿದೀರಿ. ಮನೇಲಿ ಹೆಂಡತಿ ಇದಾಳೆ. ಹಬ್ಬದ ಹೊತ್ತಲ್ಲಿ ನನ್ನ ಹಳೇ ಕಂಬಳಿಗೆ ನೀವು ದಂಡ ಕಟ್ಟೋದಾ? ಮೇಷ್ಟ್ರ ಆತ್ಮ ನನ್ನನ್ನ ಕ್ಷಮಿಸುತ್ತಾ?"

"ಪಾಲಿಸಿ ತೋರಿಸ್ಲಾ? ವ್ಯಾನಲ್ಲಿದೆ."

"ಕಾಗದ ತೋರಿಸಿ ನಂಬಿಸೋಕೆ ನಾನೇನು ಪೊಲೀಸಾ? ಚಹಾ ಆರ್ತಿದೆ."

ಮೂರು ಸಲ ಹೇಳಿದ್ದಾಯಿತು. ನಿಜವನ್ನು ಅವನು ಸುಳ್ಳಿನ ದನಿಯಲ್ಲೇ ಹೇಳುತ್ತಿದ್ದನೇನೋ. ಜನ್ಮವಿಡೀ ಬಳಸಿದ ದನಿ ಅದೊಂದೇ, ಬೇರೆ ದನಿ ಇರಲಿಲ್ಲ. ಉಳಿದದ್ದು ಒಂದೇ ಮಾತು. ನೀವು ಇದನ್ನು ಮಾರಲಿಕ್ಕೆ ಹೊರಟಿದ್ದಿರಿ, ಮುಂಗಡಕ್ಕೆ ನಿಮ್ಮ ಹತ್ತಿರ ಬೇರೇನೂ ಇಲ್ಲ, ಊರಿಗೆಲ್ಲ ಗೊತ್ತು, ಬ್ರೆಡ್ಡಿನ ಸಾಲಿಗೂ ಗೊತ್ತು, ಬರೆಯಿರಿ. ಅಷ್ಟು ಹೇಳಿದ್ದರೆ ಅವರು ನಂಬುತ್ತಿದ್ದರು. ಆದರೆ ಆ ಗಳಿಗೆಯಿಂದ ಅವರು ಅವನೆದುರು ಮೇಷ್ಟ್ರ ಹೆಂಡತಿಯಾಗಿ ಉಳಿಯುತ್ತಿರಲಿಲ್ಲ, ಬೀದಿಗೆ ಬಿದ್ದ ಮುದುಕಿಯಾಗುತ್ತಿದ್ದರು. ಅವರನ್ನು ಆ ಸ್ಥಿತಿಯಲ್ಲಿ ನೋಡಲಾರೆ ಎಂದು ಹುಷಂಗ್ ಅಂದುಕೊಂಡ. ಹಾಗಂದುಕೊಂಡದ್ದು ದೊಡ್ಡ ಮನಸ್ಸಿನಿಂದ ಅಲ್ಲ ಎಂದೂ ಅವನಿಗೆ ತಿಳಿಯುತ್ತಿತ್ತು. ಬೆಲೆ ಬರೆದರೆ ಫೋನು ಬರುತ್ತದೆ. ಬಿಳಿಬಟ್ಟೆ ನಿಮ್ಮೆದುರು ಉಜ್ಜಿದರೇ ಎಂದು ಕೇಳುತ್ತಾರೆ. ಅದಕ್ಕೆ ಹೌದು ಅನ್ನಿ ಎಂದು ಈಗಲೇ, ಈ ಸೀರಾ ತಿನ್ನುತ್ತ, ಇವರಿಗೆ ಹೇಳಿಕೊಡಬೇಕು. ಇವರು ಒಪ್ಪುತ್ತಾರೆ. ಖಂಡಿತ ಒಪ್ಪುತ್ತಾರೆ, ಯಾಕೆ ಎಂದೂ ಕೇಳುವುದಿಲ್ಲ, ಬಟ್ಟೆ ಒದ್ದೆಯಾಗಿತ್ತು ಎಂದು ತಾವಾಗಿ ಸೇರಿಸಿಯೂ ಹೇಳುತ್ತಾರೆ. ಆ ಒಪ್ಪಿಗೆಯ ಮುಖ ಅವನಿಗೆ ಈಗಲೇ ಕಂಡಿತು. ಮೇಲಿನ ಹೆಜ್ಜೆ ಸರಿಯಾಗಿ ಅವರ ತಲೆಯ ಮೇಲೆ ಬಂದು ನಿಂತಿತು. ಅವನು ಒಂದು ಚಮಚ ಸೀರಾ ಬಾಯಿಗಿಟ್ಟ.

"ನಿಮಗೆ ಈ ಕಾಗದ ಬೇಕೇ ಬೇಕು ಅಂದ್ರೆ ಕೊಡಿ, ಬರೆದುಕೊಡ್ತೀನಿ" ಎಂದರು ತೂಬಾ ಖಾನುಂ. "ನಿಮ್ಮ ಆಫೀಸಿಗೆ ಏನೋ ಬೇಕಲ್ಲ. ನಿಮ್ಮ ಕೆಲಸ ನಿಲ್ಲಬಾರದು."

ಒಂದು ಗಳಿಗೆ ಅವನಿಗೆ ಆಸೆ ಹುಟ್ಟಿತು. ಅವರು ಕನ್ನಡಕ ಹಾಕಿಕೊಂಡು, ಕಾಗದವನ್ನು ಮೇಜಿನ ಮೇಲಿಟ್ಟು, ಚಹಾದ ಲೋಟ ಸರಿಸಿ, ಬರೆಯಲು ಶುರುಮಾಡಿದರು. ನಿಧಾನವಾಗಿ, ಮುತ್ತು ಪೋಣಿಸಿದಂತಹ ಅಕ್ಷರ. ಅಂಕಿ ಬರೆಯಲು ಇಷ್ಟು ಹೊತ್ತು ಬೇಡ ಎಂದು ಅವನಿಗೆ ಗೊತ್ತಾಯಿತು. ಕೈ ಚಾಚಿ ತಡೆಯಬಹುದಿತ್ತು. ಬಾಯಲ್ಲಿ ಸೀರಾ ಇತ್ತು. ಅವರು ಸಹಿ ಹಾಕಿ, ಕಾಗದವನ್ನು ಅವನ ಕಡೆ ತಿರುಗಿಸಿ, ಎರಡೂ ಕೈಯಿಂದ ಕೊಟ್ಟರು.

'ಈ ಹಳೆಯ ಕಂಬಳಿಗೆ ಹೇಳಿಕೊಳ್ಳುವಂಥ ಬೆಲೆ ಏನೂ ಇಲ್ಲ. ಬಹಳ ಚೆನ್ನಾಗಿ ತೊಳೆದುಕೊಟ್ಟಿದ್ದಾರೆ. ನನಗೆ ಪೂರ್ಣ ತೃಪ್ತಿಯಾಗಿದೆ. ಆಗಾ ಹುಷಂಗ್ ಅವರಿಂದಾಗಲಿ ಬೇರೆ ಯಾರಿಂದಾಗಲಿ ನನಗೆ ಏನೂ ಬರಬೇಕಾದ್ದಿಲ್ಲ. ಇದನ್ನು ನನ್ನ ಸ್ವಂತ ಇಚ್ಛೆಯಿಂದ ಬರೆದಿದ್ದೇನೆ.'

ಇಪ್ಪತ್ತೆರಡು ವರ್ಷ ಇಂಥ ಕಾಗದಗಳನ್ನು ಓದಿದವನು ಅವನು. ಒಂದೇ ಒಂದು ಬಿರುಕಿಲ್ಲ. ಯಾವ ಕಂಪನಿಯ ಯಾವ ವಕೀಲನೂ ಇದಕ್ಕಿಂತ ಚೆನ್ನಾಗಿ ಹೇಳಿ ಬರೆಸುತ್ತಿರಲಿಲ್ಲ. ಇದನ್ನು ಕೊಟ್ಟರೆ ಎಲ್ಲ ಮುಗಿಯಿತು. ಫೋನು ಬರುವುದಿಲ್ಲ, ಬಟ್ಟೆಯ ಮಾತೇ ಏಳುವುದಿಲ್ಲ. ಕೊಡದೆ ಹರಿದು ಹಾಕಿದರೂ ಎರಡು ಗಂಟೆಗೆ ಎಲ್ಲ ಮುಗಿಯುತ್ತದೆ. ಎದೆಯ ಮೇಲಿಂದ ಏನೋ ಇಳಿದುಹೋದ ಹಾಗಾಯಿತು. ಅದು ದುಃಖ ಎಂದುಕೊಂಡು ಸ್ವಲ್ಪ ಹೊತ್ತು ಕಾದ. ಅದು ದುಃಖವಾಗಿರಲಿಲ್ಲ, ನಿರಾಳವಾಗಿತ್ತು. ತಾನು ಎಂಥವನು ಎಂದು ತಿಳಿಯಲು ಐವತ್ತಾರು ವರ್ಷ ಬೇಕಾಯಿತಲ್ಲ ಎಂದು ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. "ನಿಮ್ಮ ನೆರಳು ನಮ್ಮ ತಲೆ ಮೇಲಿಂದ ಕಡಿಮೆಯಾಗದಿರಲಿ ಖಾನುಂ" ಎಂದು ಬಾಯಿ ತಾನಾಗಿ ಹೇಳಿತು.

ಏಳುವಾಗ ಅವರು ಕಪಾಟಿನಲ್ಲಿದ್ದ ಕುರಾನಿನ ಪುಟಗಳ ನಡುವಿನಿಂದ ಗರಿಗರಿ ನೋಟು ತೆಗೆದರು. ತೊಳೆದ ಕೂಲಿ ಬೇಡ, ದೇವರಾಣೆ ಬೇಡ ಎಂದು ಅವನು ಎರಡು ಹೆಜ್ಜೆ ಹಿಂದೆ ಸರಿದ. "ಕೂಲಿ ಅಂತ ಯಾರು ಕೊಡ್ತಿದಾರೆ? ಇದು ಹಬ್ಬದ ಕೊಡುಗೆ. ಮೇಷ್ಟ್ರಿದ್ದಿದ್ರೆ ಅವರೇ ಕೊಡ್ತಿದ್ರು. ದೊಡ್ಡೋರು ಕೊಟ್ಟ ಹಬ್ಬದ ನೋಟು ಬೇಡ ಅಂತೀರಾ?" ಬೇಡ ಎನ್ನಲು ದಾರಿ ಇರಲಿಲ್ಲ. ಅವರು ತುದಿಗಾಲಲ್ಲಿ ನಿಂತು ಅವನ ಕೋಟಿನ ಮೇಲುಜೇಬಿಗೆ ನೋಟುಗಳನ್ನು ಮಡಿಸಿ ತುರುಕಿ, ಜೇಬನ್ನು ಅಂಗೈಯಿಂದ ಒಮ್ಮೆ ಒತ್ತಿದರು. ಕಣ್ಣು ಒದ್ದೆಯಾಗಿತ್ತು, ಆದರೂ ನಗುತ್ತಿದ್ದರು. ಬಾಗಿಲು ಮುಚ್ಚಿಕೊಳ್ಳುವಾಗ ಒಳಗೆ ಅವರು ಚಹಾದ ಮೇಜನ್ನು ಎತ್ತಿ ಬೇರೆ ಕಡೆ ಇಡುವ ಸದ್ದು ಕೇಳಿಸಿತು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ, ಅವನು ಅಷ್ಟು ಹೊತ್ತೂ ಮೆಟ್ಟಿಲ ಮೇಲೆ ನಿಂತಿದ್ದ.

ವ್ಯಾನಿನಲ್ಲಿ ಖೈರ್ ಮೊಹಮ್ಮದ್ ನಿದ್ದೆ ಹೋಗಿದ್ದ. ಗಂಟೆ ಒಂದೂವರೆ. ವಿಮೆಯ ಆಫೀಸು ಹತ್ತು ನಿಮಿಷದ ದಾರಿ. ವಾಪಸ್ ಹೋಗಿ ಮತ್ತೆ ಬಾಗಿಲು ತಟ್ಟಿ, ಖಾನುಂ, ಕೇಳಿ, ಎನ್ನಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಿರಲಿಲ್ಲ. ಅವನು ಸ್ಟಿಯರಿಂಗ್ ಹಿಡಿದು ಕೂತೇ ಇದ್ದ. ಗಡಿಯಾರ ಎರಡಕ್ಕೆ ಐದು ನಿಮಿಷ ಬಾಕಿ ತೋರಿಸುತ್ತಿದ್ದಾಗ ಫಹೀಮೆಯ ಫೋನು ಬಂತು.

"ಹೇಳಿದ್ರಾ?"

"ಹೇಳಿದೆ. ಮೂರು ಸಲ."

"ಬರೆದ್ರಾ?"

"ಬರೆದ್ರು."

"ಸಹಿ?"

"ಸಹೀನೂ ಹಾಕಿದ್ರು."

"ಅಬ್ಬ, ದೇವರು ದೊಡ್ಡೋನು" ಎಂದಳು ಫಹೀಮೆ. "ಆ ಮುದುಕಿಗೆ ಒಂದು ಸೂರು ಉಳೀತು. ನಿಮ್ಮನ್ನ ಏನೇನೋ ಅಂದುಬಿಟ್ಟೆ, ಮನಸ್ಸಿಗೆ ಹಚ್ಕೋಬೇಡಿ. ನೀವು ಒಳ್ಳೆಯೋರು, ನನಗೆ ಗೊತ್ತು."

ಊಟಕ್ಕೆ ಏನು ಮಾಡಿದ್ದೀಯ ಎಂದು ಕೇಳಿದ ಹುಷಂಗ್. ಕಡಲೆ ಹಾಕಿ ಮೇಕೆ ಮಾಂಸ ಮಾಡಿದ್ದೇನೆ, ಬೇಗ ಬನ್ನಿ ಎಂದಳು. ಬಂದೆ ಎಂದು ಅವನು ವ್ಯಾನು ಶುರುಮಾಡಿದ.